ಸಮಾಧಾನಪ್ಪನ ಆಟಕ್ಕೆ ಬಿದ್ದ ಓಟು

ಲಿಫ್ಟು ಎರಡು ಮಹಡಿಯ ನಡುವೆ ನಿಂತುಬಿಟ್ಟಾಗ ಒಳಗಿರುವವರು ಒತ್ತಲು ಒಂದು ಗಂಟೆ ಗುಂಡಿ ಇರುತ್ತದಲ್ಲ, ಅದನ್ನು ಒತ್ತಿದರೆ ಯಾರೋ ಒಬ್ಬ ಮಾತಾಡುತ್ತಾನೆ. ಹತ್ತೊಂಬತ್ತು ವರ್ಷ ಆ ಯಾರೋ ಒಬ್ಬ ಇವನೇ ಆಗಿದ್ದ. ಲಿಫ್ಟ್ ರಿಪೇರಿ ಕಂಪನಿಯ ಹಿಂಭಾಗದಲ್ಲಿ ಕಿಟಕಿ ಇಲ್ಲದ ಕೋಣೆ, ಒಂದು ಮೇಜು, ಎರಡು ಪರದೆ, ಕಿವಿಗೆ ಸಿಕ್ಕಿಸಿಕೊಳ್ಳುವ ಫೋನು. ಗಂಟೆ ಬಂದೊಡನೆ ಪರದೆಯ ಮೇಲೆ ಕಟ್ಟಡದ ವಿಳಾಸ ಮೂಡುತ್ತದೆ. ಅದರ ಕೆಳಗಿನ ಹಸಿರು ಗುಂಡಿ ಒತ್ತಿದರೆ ಹತ್ತಿರವಿರುವ ಮೆಕ್ಯಾನಿಕ್‌ಗೆ ಸುದ್ದಿ ಹೋಗುತ್ತದೆ. ಅವನು ಬಂದು ಬಾಗಿಲು ತೆಗೆಯುವವರೆಗೆ ಒಳಗಿರುವವರ ಜೊತೆ ಮಾತಾಡಿಕೊಂಡಿರಬೇಕು. ಮೆಕ್ಯಾನಿಕ್‌ಗಳು ಇವನಿಗೆ ಸಮಾಧಾನಪ್ಪ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಹೆಂಡತಿಯೂ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಿದ್ದಳು.

ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಸಾವಿರ ಜನ ಇವನ ಕಿವಿಯಲ್ಲಿ ಅತ್ತರು, ದೇವರನ್ನು ಕೂಗಿದರು, ಇವನ ವಂಶವನ್ನೆಲ್ಲ ಎಳೆದು ತಂದು ಬೈದರು. ಬಾಗಿಲು ತೆರೆದದ್ದೇ ತಡ, ಒಬ್ಬನಾದರೂ “ಬರ್ತೀನಪ್ಪಾ” ಎಂದದ್ದಿಲ್ಲ. ದಡದಡ ಚಪ್ಪಲಿ ಸದ್ದು, ಆಮೇಲೆ ಖಾಲಿ ಲಿಫ್ಟಿನ ಗುಂಯ್ ಎನ್ನುವ ಸದ್ದು. ಮೆಕ್ಯಾನಿಕ್‌ಗೆ ಕೈ ಮುಗಿಯುತ್ತಾರೆ, ಟೀ ಕೊಡಿಸುತ್ತಾರೆ. ಅರ್ಧ ಗಂಟೆ ಜೀವ ಹಿಡಿದು ನಿಲ್ಲಿಸಿದವನು ಗೋಡೆಯೊಳಗಿನ ತೂತು! ಆ ಕಡೆ ಒಬ್ಬ ಮನುಷ್ಯ ಕೂತಿರುತ್ತಾನೆ ಎನ್ನುವುದು ಜನಕ್ಕೆ ಗೊತ್ತಾಗಬೇಕು, ಇಷ್ಟೇ ಇವನ ಆಸೆ.

ಅದಕ್ಕೇ ಇವನು ಒಂದು ವಿಡಿಯೋ ಗೇಮ್ ಮಾಡಿದ. ಏಳನೇ ಕ್ಲಾಸಿಗೆ ಓದು ಬಿಟ್ಟವನು ಗೇಮ್ ಮಾಡುವುದೇ ಎಂದು ಯಾರಾದರೂ ನಕ್ಕರೆ ನಗಲಿ. ಯೂಟ್ಯೂಬ್ ನೋಡಿ ನೋಡಿ ಕಲಿತ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಎರಡು ಗಂಟೆ, ಹಾಗೆ ನಾಲ್ಕು ವರ್ಷ. ಆಟದಲ್ಲಿ ಒಂದೇ ಚಿತ್ರ: ಲಿಫ್ಟಿನ ಮೂಲೆಯ ಕ್ಯಾಮೆರಾದಲ್ಲಿ ಕಾಣುವ ಹಾಗೆ ಒಬ್ಬ ಹೆಂಗಸಿನ ನೆತ್ತಿ. ಅವಳು ಹೆದರಿದ್ದಾಳೆ. ಆಡುವವನು ಸರಿಯಾದ ಮಾತು ಆರಿಸಿ ಆರಿಸಿ ಅವಳ ಅಳು ನಿಲ್ಲಿಸಬೇಕು. ನಿಂತರೆ ಬಾಗಿಲು ತೆರೆಯುತ್ತದೆ, ಅವಳು ತಲೆ ಎತ್ತಿ ಕ್ಯಾಮೆರಾ ನೋಡಿ “ನಿಮ್ಮ ಹೆಸರೇನು?” ಎಂದು ಕೇಳುತ್ತಾಳೆ. ಅಲ್ಲಿಗೆ ಆಟ ಮುಗಿಯಿತು.

ಆ ಹೆಂಗಸಿನ ದನಿ ಇವನ ಹೆಂಡತಿಯದು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವವಳು. ಬೀದಿಯ ಸದ್ದು ಕೇಳಬಾರದೆಂದು ಅವಳ ತಲೆಯನ್ನು ಬಟ್ಟೆ ಬೀರುವಿನೊಳಗೆ ತೂರಿಸಿ, ಮೈಕು ಹಿಡಿದು ಅಳಿಸಿದ್ದ.

“ರೀ, ಅಳು ಬರ್ತಿಲ್ಲ, ನಗು ಬರ್ತಿದೆ,” ಎಂದು ಅವಳು ಒಳಗಿನಿಂದ ಕಿಸಕ್ಕನೆ ನಗುತ್ತಿದ್ದಳು.

“ನಿಮ್ಮಮ್ಮ ಹೋದ ದಿನ ನೆನೆಸ್ಕೋ.”

ನಗು ನಿಂತಿತು. ಆಮೇಲೆ ಬಂದ ಅಳುವೇ ಆಟದಲ್ಲಿ ಹೋಯಿತು. ತುಂಬ ಚೆನ್ನಾಗಿ ಬಂದಿತ್ತು ಎಂದು ಇವನು ಎಷ್ಟೋ ಸಲ ಹೇಳಿಕೊಂಡಿದ್ದ.

ಗೇಮ್‌ಗಳನ್ನು ಇಂಟರ್‌ನೆಟ್ಟಿನಲ್ಲಿ ಮಾರುವ ಒಂದು ಅಂಗಡಿ ಇತ್ತು. ದೊಡ್ಡ ಕಂಪನಿಗಳ ಆಟ ಸೀದಾ ಮಾರಾಟಕ್ಕೆ. ಇವನಂಥ ಒಂಟಿ ಜನರ ಆಟವಾದರೆ ಮೊದಲು ಓಟಿಗೆ ಇಡುತ್ತಾರೆ. ಕೆಳಗೆ ಎರಡು ಗುಂಡಿ: ಬೇಕು, ಬೇಡ. ಮೂರು ತಿಂಗಳು ಗಡುವು. ಗಡುವು ಮುಗಿಯುವ ದಿನ ಹೆಚ್ಚು “ಬೇಕು” ಸಿಕ್ಕ ಹತ್ತು ಆಟಗಳನ್ನು ಅಂಗಡಿಗೆ ತಗೊಳ್ಳುತ್ತಾರೆ. ಉಳಿದದ್ದನ್ನು ತೆಗೆದುಹಾಕುತ್ತಾರೆ, ಮತ್ತೆ ಇಡುವಂತಿಲ್ಲ. ಓಟಿಗೆ ಏನು ಇಟ್ಟಿದ್ದರೋ ಅದನ್ನೇ ಮಾರಬೇಕು, ಒಂದು ಕೂದಲೂ ಬದಲಾಗಬಾರದು, ಇದು ಅಂಗಡಿಯ ಕಟ್ಟಳೆ.

ಮೊದಲ ತಿಂಗಳು ಇವನಿಗೆ ಬಿದ್ದದ್ದು ಮೂವತ್ತೊಂದು ಓಟು. ಕೆಳಗೆ ಜನ ಬರೆದದ್ದನ್ನು ನೋಡಬೇಕು. “ಗನ್ ಎಲ್ಲಿ ಗುರು?” “ಇದು ಆಟಾನಾ, ನಮ್ಮತ್ತೆ ಫೋನಾ?” “ಇದನ್ನ ಮಾಡಿದೋನನ್ನೇ ಲಿಫ್ಟಲ್ಲಿ ಹಾಕಿ ಬೀಗ ಜಡೀರಿ.” ಮುಖ ಮರೆಸಿಕೊಂಡು ಕೂತ ಹೇಡಿಗಳು! ಇವನು ಪ್ರತಿಯೊಬ್ಬನಿಗೂ “ನಮಸ್ಕಾರ ಸರ್, ದಯವಿಟ್ಟು ಒಮ್ಮೆ ಆಡಿ ನೋಡಿ” ಎಂದು ಉತ್ತರ ಬರೆದ. ಅದಕ್ಕೆ ಇನ್ನೂ ನಕ್ಕರು.

ಓಟು ಕೇಳುವ ಉಪಾಯ ಇವನಿಗೆ ಹೊಳೆದದ್ದಲ್ಲ, ಅದು ಕೆಲಸದ ಜಾಗದಲ್ಲಿ ತಾನಾಗಿಯೇ ಬಂತು. ಒಂದು ಮಧ್ಯಾಹ್ನ ಬ್ಯಾಂಕಿನ ಲಿಫ್ಟಿನಲ್ಲಿ ಒಬ್ಬ ಟೀಚರಮ್ಮ ಸಿಕ್ಕಿಕೊಂಡರು.

“ಏನಾದ್ರೂ ಮಾತಾಡ್ತಾ ಇರಪ್ಪಾ, ಸುಮ್ನಿದ್ರೆ ಭಯ ಆಗುತ್ತೆ.”

ಇವನು ತನ್ನ ಆಟದ ಕಥೆ ಹೇಳಿದ. ಟೀಚರಮ್ಮ ಅಲ್ಲೇ ನಿಂತು ಮೊಬೈಲಿನಲ್ಲಿ ಹುಡುಕಿ “ಬೇಕು” ಒತ್ತಿದರು. ಭಯವೂ ಹೋಯಿತು, ಓಟೂ ಬಿತ್ತು. ಅಂದಿನಿಂದ ಹಸಿರು ಗುಂಡಿ ಒತ್ತಿದ ಮೇಲೆ ಇವನ ಮಾತು ಒಂದೇ: “ಹೆದರ್ಬೇಡಿ, ಮೆಕ್ಯಾನಿಕ್ ಹೊರಟಿದ್ದಾನೆ. ಮೊಬೈಲಲ್ಲಿ ಸಿಗ್ನಲ್ ಇದೆಯಾ? ಹಾಗಾದ್ರೆ ಒಂದು ಉಪಕಾರ.” ಹೊರಗೆ ನಿಂತವನು ಒಲ್ಲೆ ಎನ್ನಬಹುದು. ಒಳಗೆ ಸಿಕ್ಕಿಕೊಂಡವನು ಗೋಡೆಯ ದನಿಗೆ ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಇದು ಇವನಿಗೆ ಬೇಗ ತಿಳಿಯಿತು. ಎರಡು ತಿಂಗಳಲ್ಲಿ ಆಟ ಅರವತ್ತನೇ ಸ್ಥಾನದಿಂದ ಹನ್ನೊಂದಕ್ಕೆ ಏರಿತು.

ಗಡುವಿನ ಕೊನೆಯ ದಿನ, ಸಂಜೆ ಆರಕ್ಕೆ ಮುಕ್ತಾಯ. ಹನ್ನೊಂದು ಗಂಟೆಗೆ ನೋಡಿದರೆ ಹತ್ತನೆಯ ಆಟಕ್ಕೆ ನಾನೂರ ಹನ್ನೆರಡು, ಇವನದಕ್ಕೆ ನಾನೂರ ನಾಲ್ಕು. ಬೆಳಗಿನಿಂದ ಊರಿನಲ್ಲಿ ಒಂದು ಲಿಫ್ಟೂ ಕೆಟ್ಟಿರಲಿಲ್ಲ. ಯಾವುದಾದರೂ ಕೆಡಲಿ ಎಂದು ಇವನು ಹಲ್ಲು ಕಚ್ಚಿ ಕೂತಿದ್ದ.

ಹನ್ನೆರಡೂ ಕಾಲಿಗೆ ಗಂಟೆ ಬಂತು. ವಿಮಾ ಕಂಪನಿಯ ಕಟ್ಟಡ, ಐದು ಮತ್ತು ಆರನೇ ಮಹಡಿಯ ನಡುವೆ.

“ಎಷ್ಟು ಜನ ಇದ್ದೀರಿ?”

“ಒಂಬತ್ತು ಜನ! ಬೇಗ ಕಳ್ಸಪ್ಪಾ!”

ಒಂಬತ್ತು. ಹತ್ತನೆಯ ಆಟವನ್ನು ದಾಟಲು ಬೇಕಾದದ್ದೂ ಅಷ್ಟೇ. ಪರದೆಯಲ್ಲಿ ಮೆಕ್ಯಾನಿಕ್ ಎಲ್ಲಿದ್ದಾನೆಂದು ನೋಡಿದ: ಪಕ್ಕದ ಬೀದಿ, ಎರಡೇ ನಿಮಿಷದ ದಾರಿ. ಓಟು ಹಾಕಲು ಹೆಸರು ಬರೆಯಬೇಕು, ಮೊಬೈಲಿಗೆ ಕೋಡ್ ಬರಬೇಕು, ಅದನ್ನು ಒತ್ತಬೇಕು. ಎರಡು ನಿಮಿಷದಲ್ಲಿ ಒಂಬತ್ತು ಜನಕ್ಕೆ ಆಗುವ ಮಾತಲ್ಲ.

ಇವನು ಹಸಿರು ಗುಂಡಿಯ ಮೇಲಿನ ಬೆರಳನ್ನು ಹಿಂದಕ್ಕೆ ತಗೊಂಡ.

“ಹೆದರ್ಬೇಡಿ, ಮೆಕ್ಯಾನಿಕ್ ಹೊರಟಿದ್ದಾನೆ,” ಎಂದ. “ಸಿಗ್ನಲ್ ಇದೆಯಾ ಎಲ್ಲರಿಗೂ?”

ಒಳಗೆ ಒಬ್ಬ ವಯಸ್ಸಾದ ಗುಮಾಸ್ತರಿದ್ದರು, ಉಬ್ಬಸದ ಮನುಷ್ಯ. ಐದನೇ ನಿಮಿಷಕ್ಕೆ ಅವರ ಉಸಿರು ಸಿಳ್ಳೆ ಹಾಕತೊಡಗಿತು.

“ರೀ, ನಮ್ ಸಾರ್‌ಗೆ ಉಸಿರು ಸಿಗ್ತಿಲ್ಲ! ಎಲ್ರೀ ನಿಮ್ಮವನು?” ಎಂದು ಒಬ್ಬ ಹುಡುಗಿ ಚೀರಿದಳು.

“ಬಂದೇಬಿಟ್ಟ ಅಮ್ಮಾ, ಮೆಟ್ಟಿಲು ಹತ್ತುತ್ತಾ ಇದ್ದಾನೆ. ಕೋಡ್ ಬಂತಾ? ಸಾರ್‌ಗೂ ಬಂತಾ ಕೋಡ್?”

“ಅವ್ರು ಕೆಳಗೆ ಬಿದ್ದಿದ್ದಾರ್ರೀ!”

“ಹಾಗಾದ್ರೆ ಅವರ ಫೋನ್ ನೀವು ತಗೊಳ್ಳಿ. ಕೋಡ್ ಬಂತಾ ನೋಡಿ.”

ಹನ್ನೊಂದನೇ ನಿಮಿಷಕ್ಕೆ ಹಸಿರು ಗುಂಡಿ ಒತ್ತಿದ. ಐದು ಓಟು ಬಿದ್ದಿದ್ದವು. ದಾಟಲು ಇನ್ನೂ ನಾಲ್ಕು ಬೇಕಿತ್ತು. ಗುಮಾಸ್ತರನ್ನು ಸ್ಟ್ರೆಚರಿನ ಮೇಲೆ ಮಲಗಿಸಿ ಆಸ್ಪತ್ರೆಗೆ ಸಾಗಿಸಿದರು, ಅವರ ಪ್ಯಾಂಟು ಒದ್ದೆಯಾಗಿತ್ತು. ಇವನು ಈ ಕಡೆ ಮೇಜಿಗೆ ತಲೆ ಚಚ್ಚಿಕೊಂಡದ್ದು ಆ ನಾಲ್ಕು ಓಟಿಗೆ.

ಮೂರು ಗಂಟೆಗೆ ಮತ್ತೆ ನೋಡಿದರೆ ಎರಡು ಸಾವಿರ ಓಟು. ಮೂರೂವರೆಗೆ ಐದು ಸಾವಿರ. ಇವನು ಕುರ್ಚಿಯಿಂದ ಎದ್ದೇಬಿಟ್ಟ. ಹೆಂಡತಿಗೆ ಫೋನು ಮಾಡಿದ.

“ಕೇಳೇ, ಐದು ಸಾವಿರ! ಜನಕ್ಕೆ ಅರ್ಥ ಆಯ್ತು ಕಣೇ, ಕೊನೆಗೂ ಅರ್ಥ ಆಯ್ತು!”

“ಅಯ್ಯೋ, ನಿಜಾನಾ?” ಅವಳು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಎಲ್ಲರಿಗೂ ಕೂಗಿ ಹೇಳಿದಳು. “ನಮ್ಮೆಜಮಾನ್ರ ಆಟ ಗೆಲ್ತು!”

ನಾಲ್ಕು ಗಂಟೆಗೆ ಮೇಲ್ವಿಚಾರಕ ಬಾಗಿಲು ದೂಡಿಕೊಂಡು ಬಂದು, ಏನೂ ಹೇಳದೆ ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟ. ಚೀರಿದ ಆ ಹುಡುಗಿ ಲಿಫ್ಟಿನೊಳಗೇ ವಿಡಿಯೋ ಮಾಡಿದ್ದಳು. ನೆಲದ ಮೇಲೆ ಗುಮಾಸ್ತರು ಮೀನಿನಂತೆ ಬಾಯಿ ಬಿಡುತ್ತಿದ್ದಾರೆ, ಒದ್ದೆ ಹರಡುತ್ತಿದೆ, ಗೋಡೆಯಿಂದ ಬೆಣ್ಣೆಯಂಥ ದನಿ: “ಸಾರ್‌ಗೂ ಬಂತಾ ಕೋಡ್?” ಊರಿಗೆ ಊರೇ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಆ ಹುಚ್ಚ ಮಾಡಿದ ಆಟ ಹೇಗಿರಬಹುದು ನೋಡಿಯೇ ಬಿಡೋಣ ಎಂದು ಎಲ್ಲರೂ “ಬೇಕು” ಒತ್ತುತ್ತಿದ್ದರು.

“ಕಿವಿಯಿಂದ ಅದನ್ನ ತೆಗಿ,” ಎಂದ ಮೇಲ್ವಿಚಾರಕ. “ಕೆಲಸ ಬಿಟ್ಟೆ ಅಂತ ಚೀಟಿ ಬರೆದುಕೊಡು, ಹೋಗು. ಪೊಲೀಸರು ಕೇಳಿದ್ರೆ ನೀನೇ ಉತ್ತರ ಕೊಡು.”

“ಸಾರ್, ಹತ್ತೊಂಬತ್ತು ವರ್ಷ...”

“ಅದಕ್ಕೇ ಹೊಡೀದೆ ಕಳಿಸ್ತಿದ್ದೀನಿ.”

ಆರು ಗಂಟೆಗೆ ಹದಿನಾಲ್ಕು ಸಾವಿರ ಓಟಿನೊಂದಿಗೆ ಇವನ ಆಟ ಮೊದಲ ಸ್ಥಾನಕ್ಕೆ ಬಂತು.

ಗುಮಾಸ್ತರು ಬದುಕಿಕೊಂಡರು. ಆದರೆ ಕಚೇರಿಗೆ ಮತ್ತೆ ಹೋಗಲಿಲ್ಲ. ಅವರನ್ನು ಕಂಡವರೆಲ್ಲ ಮೊದಲು ನೋಡುತ್ತಿದ್ದದ್ದು ಪ್ಯಾಂಟನ್ನು. ಆ ವಿಷಯ ತಿಳಿದಾಗ ಇವನು ಮತ್ತೆ ಮನೆಯ ಕಂಪ್ಯೂಟರಿನ ಪರದೆಗೆ ತಿರುಗಿದ.

ಆಟ ಅಂಗಡಿಗೆ ಬಂತು. ಜನ ಅದನ್ನು ಆಡಿದರು, ಉಲ್ಟಾ ಆಡಿದರು. ಸಮಾಧಾನದ ಮಾತು ಬಿಟ್ಟು ಬೇಕೆಂದೇ ಕೆಟ್ಟ ಮಾತು ಆರಿಸಿ, ಹೆಂಗಸು ಎಷ್ಟು ಹೊತ್ತು ಅಳುತ್ತಾಳೆ ನೋಡುವುದೇ ಮೋಜು. ಒಬ್ಬ ನಲವತ್ತು ನಿಮಿಷ ಅಳಿಸಿದೆ ಎಂದು ಬರೆದ, ಇನ್ನೊಬ್ಬ ಒಂದು ಗಂಟೆ ಎಂದ. ಬಾಗಿಲು ತೆರೆದು ಅವಳ ಮುಖ ನೋಡಿದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಆ ಅಳುವನ್ನು ಫೋನಿನ ರಿಂಗ್ ಮಾಡಿಕೊಂಡರು. ಬಸ್ಸಿನಲ್ಲಿ, ಅಂಗಡಿಯ ಸಾಲಿನಲ್ಲಿ, ಎಲ್ಲಿ ನೋಡಿದರೂ ಇವನ ಹೆಂಡತಿ ತನ್ನ ಸತ್ತ ತಾಯಿಗಾಗಿ ಅಳುತ್ತಿದ್ದಳು.

ಇಸ್ತ್ರಿ ಕೋಣೆಯಲ್ಲಿ ಹುಡುಗಿಯರು ಅವಳನ್ನು ಸುತ್ತುಗಟ್ಟಿದರು. “ಅಕ್ಕಾ, ಒಂದೇ ಒಂದು ಸಲ ಅಳಿ ಅಕ್ಕಾ, ವಿಡಿಯೋ ಮಾಡ್ಕೋತೀವಿ.”

ಅವಳು ಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದಳು, “ನನ್ ದನಿ ತೆಗೀರಿ ಅದರಿಂದ.”

“ತೆಗೆಯೋಕಾಗಲ್ಲ. ಓಟಿಗೆ ಇಟ್ಟಿದ್ದು ಬದಲಾದ್ರೆ ಆಟಾನೇ ಕಿತ್ತುಹಾಕ್ತಾರೆ.”

“ಕಿತ್ತುಹಾಕ್ಲಿ!”

“ನಾಲ್ಕು ವರ್ಷ ಕಣೇ.”

“ನಮ್ಮಮ್ಮ ರೀ ಅದು!”

ಇವನು ಮೇಜಿನ ಮೇಲಿದ್ದ ಕಾಗದವನ್ನು ಮಗುಚಿ ಹಾಕಿದ. ಅದು ಆ ಬೆಳಿಗ್ಗೆಯೇ ಅಂಗಡಿಯಿಂದ ಬಂದದ್ದು: ಇರುವುದನ್ನು ಮುಟ್ಟಬೇಡಿ, ಆದರೆ ಜನರ ಬೇಡಿಕೆಯಿಂದ ಎರಡನೇ ಭಾಗ ಮಾಡಬಹುದು, ಅದೇ ಹೆಂಗಸು, ಇನ್ನೂ ಮೂರು ಬಗೆಯ ಅಳು, ಸೋಮವಾರದೊಳಗೆ. ಕೊಟ್ಟರೆ ಮೊದಲ ಪುಟದಲ್ಲಿ ಇವನ ಫೋಟೋ, ಹೆಸರು ಸಮೇತ. ಮರುದಿನ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ಇವನು ನಿಧಾನವಾಗಿ ಆ ಮಾತು ತೆಗೆದ. ಅವಳು ಬಾಚಣಿಗೆಯನ್ನು ಇವನ ಮುಖಕ್ಕೆ ಎಸೆದು, ನಾಲ್ಕು ಸೀರೆ ಚೀಲಕ್ಕೆ ತುರುಕಿ ಅಕ್ಕನ ಮನೆಗೆ ಹೋದಳು.

ಭಾನುವಾರ ಮಧ್ಯಾಹ್ನ ಅವಳ ಫೋನು ಬಂತು. ಅಕ್ಕನ ಮನೆಯಲ್ಲಿ ಭಾವ ಮಕ್ಕಳೊಂದಿಗೆ ಅದೇ ಆಟ ಹಚ್ಚಿಕೊಂಡು ನಗುತ್ತಿದ್ದರಂತೆ. ಅವಳು ಹಿತ್ತಲಿಗೆ ಬಂದು ನಿಂತಿದ್ದಳು.

“ರೀ, ನಾನೆಲ್ಲಿಗೆ ಹೋಗ್ಲಿ? ಎಲ್ಲಿ ಹೋದ್ರೂ ಅದೇ. ಬಂದು ಕರ್ಕೊಂಡ್ಹೋಗ್ರೀ,” ಎಂದು ಅವಳು ಬಿಕ್ಕಿದಳು.

ಇವನು ಫೋನಿನ ಸ್ಪೀಕರ್ ಹಾಕಿ, ಮೇಜಿನ ಮೇಲೆ ಮೈಕಿನ ಪಕ್ಕ ಮೆಲ್ಲಗೆ ಇಟ್ಟ. ಕಂಪ್ಯೂಟರಿನಲ್ಲಿ ರೆಕಾರ್ಡಿಂಗಿನ ಕೆಂಪು ಚುಕ್ಕೆ ಒತ್ತಿದ. ಎದ್ದು ಕಿಟಕಿ ಮುಚ್ಚಿ ಬಂದು ಕೂತ.

“ಹೆದರ್ಬೇಡ,” ಎಂದ, ಹತ್ತೊಂಬತ್ತು ವರ್ಷ ಆಡಿದ ಅದೇ ದನಿಯಲ್ಲಿ. “ಬರ್ತೀನಿ, ಹೊರಟೇಬಿಟ್ಟಿದ್ದೀನಿ. ಅಲ್ಲೀವರೆಗೂ ಫೋನ್ ಇಡ್ಬೇಡ. ಏನಾಯ್ತು, ಮೊದಲಿಂದ ಹೇಳು.”

ಅವಳು ಮೊದಲಿನಿಂದ ಹೇಳತೊಡಗಿದಳು. ಇವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಉಸಿರಿನ ಸದ್ದೂ ಮೈಕಿಗೆ ಬೀಳದಂತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡ.