ಬೊಮ್ಮಿಯ ಮಡಿಲು ಜೇಬು

ಬೆಳಿಗ್ಗೆ ಏಳೂಕಾಲಿಗೆ ಗುಂಡ್ಲುಪೇಟೆಯಲ್ಲಿ ಸುಲ್ತಾನ್ ಬತ್ತೇರಿಯ ಬಸ್ಸು ಹತ್ತಿದೆವು, ನಾನು ಮತ್ತು ಮೊಮ್ಮಗಳು ಪಲ್ಲವಿ. ಜನವರಿಯ ಚಳಿ. ಕೇರಳದ ಬಸ್ಸಾದ್ದರಿಂದ ಕಿಟಕಿಗೆ ಗಾಜಿರಲಿಲ್ಲ, ಎಳೆದು ಇಳಿಬಿಡುವ ಪರದೆಯಿತ್ತು. ನಮ್ಮ ಕಿಟಕಿಯ ಪರದೆ ಅರ್ಧಕ್ಕೆ ಸಿಕ್ಕಿಕೊಂಡು ಬಂಡೀಪುರದ ಗಾಳಿಯೆಲ್ಲ ನನ್ನ ಕಿವಿಗೇ ಬಡಿಯುತ್ತಿತ್ತು. ಟಿಕೆಟ್ಟು ತಲೆಗೆ ತೊಂಬತ್ತರ ಹತ್ತಿರ.

ಪಲ್ಲವಿ ಮೈಸೂರಿನಲ್ಲಿ ಬಟ್ಟೆ ವಿನ್ಯಾಸ ಓದುತ್ತಿದ್ದಾಳೆ. ಯಾವ ದೊಡ್ಡ ಕಂಪನಿಗೂ ಸೇರದೆ, ತಮ್ಮ ಉಡುಪನ್ನು ತಾವೇ ಯೋಚಿಸಿ ತಾವೇ ಹೊಲಿದು ಮಾರುವ ಡಿಸೈನರುಗಳ ಮೇಲೆ ಅವಳು ಕಾಲೇಜಿಗೆ ಏನೋ ಬರೆದು ಕೊಡಬೇಕಿತ್ತು. ಅಂಥವರೆಲ್ಲ ಸೇರಿ ವಯನಾಡಿನ ಮೀನಂಗಡಿಯಲ್ಲಿ ಮೂರು ದಿನದ ಮಾರಾಟ ಇಟ್ಟಿದ್ದಾರೆಂದು ಮೊಬೈಲಿನಲ್ಲಿ ನೋಡಿ, "ತಾತ, ನಿಂಗೆ ಮಲಯಾಳಂ ಬರುತ್ತಲ್ಲ, ನಡಿ," ಎಂದಳು. ನಾನು ನಲವತ್ತೈದು ವರ್ಷ ಟೈಲರ್ ಆಗಿದ್ದವನು. ಈಗ ವಯಸ್ಸು ಎಪ್ಪತ್ತನಾಲ್ಕು. ಇವತ್ತಿಗೂ ರಸ್ತೆಯಲ್ಲಿ ಯಾರಾದರೂ ಹೊಸ ಥರದ ಕಾಲರ್ ಹಾಕಿಕೊಂಡು ಹೋದರೆ ಹಿಂದೆ ನಾಲ್ಕು ಹೆಜ್ಜೆ ಹೋಗಿ ನೋಡುತ್ತೇನೆ. ಹೊರಡುವ ಹಿಂದಿನ ದಿನವೇ ಅಳತೆ ಟೇಪನ್ನು ಜೇಬಿಗೆ ಹಾಕಿಕೊಂಡಿದ್ದೆ, ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಆದರೂ ಕೇರಳ ಗಡಿಯ ಮುತ್ತಂಗ ಚೆಕ್‌ಪೋಸ್ಟ್ ಬಂದಾಗ ಜೇಬಿನ ಟೇಪನ್ನು ಹಿಡಿದುಕೊಂಡೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಆ ಗಡಿ ದಾಟಿರಲಿಲ್ಲ. ಮನೆಯವರು ಕರೆದಾಗಲೆಲ್ಲ, ಆ ರಸ್ತೆಯ ತಿರುವಿನಲ್ಲಿ ನನಗೆ ವಾಂತಿಯಾಗುತ್ತದೆ ಎನ್ನುತ್ತಿದ್ದೆ. ಆ ರಸ್ತೆಯಲ್ಲಿ ಹೇಳಿಕೊಳ್ಳುವಂಥ ತಿರುವೇ ಇಲ್ಲ. ಪಲ್ಲವಿ ಅದನ್ನು ಗಮನಿಸಿ, "ತಾತ, ತಿರುವು ಎಲ್ಲಿ?" ಎಂದು ಕೇಳಿದಳು. "ಮುಂದೆ ಇದೆ," ಎಂದೆ.

ಬತ್ತೇರಿಯಲ್ಲಿ ಪುಟ್ಟು, ಕಡಲೆ ಸಾರು ತಿಂದು, ಬೇರೆ ಬಸ್ಸು ಹಿಡಿದು ಅರ್ಧ ಗಂಟೆಯಲ್ಲಿ ಮೀನಂಗಡಿಗೆ ಬಂದೆವು. ಕಾಫಿ ಕೊಯ್ಲಿನ ಸಮಯ. ಮನೆಗಳ ಅಂಗಳದಲ್ಲಿ ಹಣ್ಣು ಒಣಗಲು ಹರಡಿದ್ದರು, ರಸ್ತೆಯವರೆಗೂ ಅದರ ಹುಳಿ ವಾಸನೆ. ಮಾರಾಟವಿದ್ದದ್ದು ಒಂದು ಮದುವೆ ಛತ್ರದಲ್ಲಿ. ಒಳಗೆ ಕಾಲಿಟ್ಟ ಮೇಲೆ ನನ್ನ ವಯಸ್ಸು ನನಗೆ ಮರೆತೇ ಹೋಯಿತು.

ಇಪ್ಪತ್ತು ಮೇಜುಗಳಿದ್ದಿರಬಹುದು. ಒಂದು ಮೇಜಿನಂತೆ ಇನ್ನೊಂದಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಕುದಿಸಿ ಬಣ್ಣ ಕಟ್ಟಿದ ಅಂಗಿಗಳಿದ್ದವು. ಅದೆಂಥ ಕಂದು! ಸಂಜೆ ಬಿಸಿಲಿನಲ್ಲಿ ಎತ್ತಿನ ಬೆನ್ನು ಇರುತ್ತದಲ್ಲ, ಹಾಗೆ. ಮಗ್ಗದಲ್ಲಿ ಉಳಿದ ತುಂಡುಗಳನ್ನೇ ಸೇರಿಸಿ ಹೊಲಿದ ಒಂದು ಕುಪ್ಪಸದಲ್ಲಿ ಹನ್ನೊಂದು ಥರದ ಅಂಚು ಎಣಿಸಿದೆ. ಕೆಂಪು ಮಂಜಾಡಿ ಬೀಜದ ಓಲೆಗಳು, ಬಿದಿರಿನ ಸೀಳಿನಿಂದ ಹೆಣೆದ, ಅಂಗೈಯಗಲದ ಪರ್ಸುಗಳು, ತೆಂಗಿನ ಚಿಪ್ಪಿನ ಗುಂಡಿಗಳು. ಗುಂಡಿಯ ತೂತಿನ ಅಂಚು ಒರಟಾಗಿದ್ದರೆ ದಾರ ತಿಂದುಹಾಕುತ್ತದೆ. ಉಗುರಿನಿಂದ ಸವರಿ ನೋಡಿದೆ, ಬೆಣ್ಣೆಯ ಹಾಗಿತ್ತು.

ಗಡ್ಡದ ಹುಡುಗನೊಬ್ಬ ಹಳೆಯ ಕೊಡೆಗಳ ಬಟ್ಟೆಯಿಂದ ಮಳೆಕೋಟು ಹೊಲಿದಿಟ್ಟಿದ್ದ. ಬೆನ್ನಿನ ಮೇಲೆ ಎಂಟು ತ್ರಿಕೋನಗಳು ಬಂದು ಕೂಡುತ್ತಿದ್ದವು.

"ಕೊಡೆ ಮರೆತು ಬಂದರೂ ಚಿಂತೆಯಿಲ್ಲ ಮುತ್ತಚ್ಛಾ, ಕೋಟೇ ಕೊಡೆ," ಎಂದ, ನನ್ನನ್ನು ಅಜ್ಜ ಎಂದು ಕರೆದು.

"ಹಿಡಿ ಎಲ್ಲಪ್ಪ?" ಎಂದೆ.

ನನ್ನ ಸಣಕಲು ಮೈಯನ್ನು ಮೇಲಿಂದ ಕೆಳಗೆ ನೋಡಿ, "ಹಿಡಿ ನೀವೇ," ಎಂದ. ಪಕ್ಕದ ಮೇಜಿನ ಹೆಂಗಸರೆಲ್ಲ ನಕ್ಕರು. ನಾನು ಆ ಕೋಟು ಹಾಕಿಕೊಂಡು ಎರಡು ಸುತ್ತು ತಿರುಗಿದೆ. ಪಲ್ಲವಿ ಫೋಟೊ ತೆಗೆದಳು. ನಲವತ್ತೈದು ವರ್ಷ ಜನ ಹೇಳಿದ್ದನ್ನೇ ಹೊಲಿದೆನಲ್ಲ, ನನ್ನ ತಲೆಗೆ ಒಂದು ದಿನವಾದರೂ ಕೊಡೆ ಕೋಟಾಗಬಹುದೆಂದು ಹೊಳೆಯಲಿಲ್ಲವಲ್ಲ ಎನಿಸಿತು.

ಛತ್ರದ ಕೊನೆಯ ಮೇಜಿನಲ್ಲಿ ಮೊಣಕಾಲವರೆಗೆ ಬರುವ, ತೋಳಿಲ್ಲದ ಮೇಲಂಗಿಗಳು ತೂಗುತ್ತಿದ್ದವು. ಬೂದು ಬಣ್ಣದ ದಪ್ಪ ಹತ್ತಿ. ಬಲಸೊಂಟದಲ್ಲಿ ಒಂದು ಓರೆ ಸೀಳು. ಅಭ್ಯಾಸಬಲದಿಂದ ಕೈ ಒಳಗೆ ಹೋಯಿತು. ಒಳಗಡೆ ಚೀಲದಂಥ ದೊಡ್ಡ ಜೇಬು. ಸೀಳಿನ ಎರಡು ತುದಿಯಲ್ಲೂ ಬೆರಳಿಗೆ ಮೂರು ಮೂರು ಪುಟ್ಟ ಗಂಟು ಸಿಕ್ಕವು, ತ್ರಿಕೋನದಂತೆ. ನನ್ನ ಕೈ ಅಲ್ಲೇ ನಿಂತಿತು. ಆ ಗಂಟನ್ನು ನನ್ನ ಬೆರಳು ಈ ಮೊದಲು ಒಮ್ಮೆ ಮುಟ್ಟಿತ್ತು.

ಮೇಜಿನ ಹಿಂದಿದ್ದ ಹುಡುಗಿ, "ಇದು ಬೊಮ್ಮಿ ಚೇಚಿಯದು. ನೂಲ್ಪುಳದ ಕಾಡಿನ ಹಾಡಿಯವರು. ಈ ಜೇಬಿಗೇ ಎಲ್ಲೆಲ್ಲಿಂದಲೋ ಜನ ಕೇಳಿಕೊಂಡು ಬರ್ತಾರೆ," ಎಂದಳು.

ಪಲ್ಲವಿ ಜೇಬಿಗೆ ಕೈ ಹಾಕಿ, "ತಾತ! ಇದು ನಿನ್ನ ಜೇಬು! ಅಜ್ಜಿ ನೈಟಿಯಲ್ಲಿರೋದೇ!" ಎಂದು ಕೂಗಿದಳು. ಮಾರುವ ಹುಡುಗಿ ನಮ್ಮಿಬ್ಬರ ಮುಖ ನೋಡಿದಳು. ನಾನು ಮೊಮ್ಮಗಳ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ.

ಎದುರಿನ ಚಹಾ ಅಂಗಡಿಯಲ್ಲಿ ಎರಡು ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಚಹಾ, ಹೇಳಿ ಕೂತೆವು. ಅಲ್ಲಿ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಆಗ ನಲವತ್ತು ದಾಟಿತ್ತು. ಒಂದು ಸಂಸ್ಥೆಯವರು ನೂಲ್ಪುಳದ ಕಡೆಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಲು ನನ್ನನ್ನು ಕರೆದಿದ್ದರು. ಅಲ್ಲಿ ಎಲ್ಲರೂ ನನ್ನನ್ನು ಮಾಷೆ, ಅಂದರೆ ಮೇಷ್ಟ್ರೇ, ಎನ್ನುತ್ತಿದ್ದರು. ಹೊಲಿಗೆ ತಪ್ಪಿದರೆ ನನ್ನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಬಿಚ್ಚು." ಸರಿಯಾಗಿದ್ದರೆ ಏನೂ ಹೇಳುತ್ತಿರಲಿಲ್ಲ. ಮಾಷೆ ಸುಮ್ಮನಿದ್ದರೆ ಪಾಸು ಎಂದು ಹುಡುಗಿಯರೇ ಅರ್ಥಮಾಡಿಕೊಂಡಿದ್ದರು. ಕೊನೆಯ ಪರೀಕ್ಷೆಗೆ ಒಂದು ಸಾದಾ ನೈಟಿ ಹೊಲಿಯಬೇಕು. ಪಾಸಾದವರಿಗೆ ಸರ್ಟಿಫಿಕೇಟು, ಜೊತೆಗೆ ಒಂದು ಹೊಲಿಗೆ ಯಂತ್ರ.

ಬೊಮ್ಮಿ ಹಾಡಿಯಿಂದ ಬರುತ್ತಿದ್ದ ಹುಡುಗಿ, ಹದಿನೆಂಟು ಇರಬಹುದು. ಅಪ್ಪ ಜೇನು ಕೊಯ್ಯುವವನು. ಅವನು ಹಗ್ಗಕ್ಕೆ ಹಾಕುವ ಗಂಟನ್ನೇ ಇವಳು ದಾರಕ್ಕೆ ಹಾಕುತ್ತಿದ್ದಳು. ಅವಳ ನೈಟಿಯ ಸೊಂಟದಲ್ಲಿ ಒಂದು ಜೇಬಿತ್ತು. ಕೆಲಸಕ್ಕೆ ಹೋಗುವ ಹೆಂಗಸರು ಸೀರೆಯನ್ನು ಸೊಂಟದಲ್ಲಿ ಮಡಚಿ, ಎಲೆ ಅಡಿಕೆ, ಸಣ್ಣ ಚಾಕು, ಬೆಂಕಿಪೊಟ್ಟಣ ಇಟ್ಟುಕೊಳ್ಳುವ ಮಡಿಲನ್ನು ಅವಳು ನೈಟಿಯೊಳಗೇ ಹೊಲಿದಿದ್ದಳು. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇದು ನನಗೆ ಹೊಳೆಯದ ವಿದ್ಯೆ ಎಂದು. ಅದೇ ಹೊಟ್ಟೆಕಿಚ್ಚಿಗೆ ಎಲ್ಲರ ಮುಂದೆ ಎತ್ತಿ ಹಿಡಿದು, "ಇದೇನು ನೈಟಿಯೋ ಸಂತೆ ಚೀಲವೋ? ಬಿಚ್ಚು," ಎಂದೆ. ಎಲ್ಲರೂ ನಕ್ಕರು. ಅವಳು, "ಬಿಚ್ಚಲ್ಲ ಮಾಷೆ," ಎಂದು ನೈಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಅವಳನ್ನು ಫೇಲು ಮಾಡಿದೆ. ಯಂತ್ರ ಇನ್ನೊಬ್ಬಳಿಗೆ ಹೋಯಿತು.

ಆ ಸಂಜೆ ಎಲ್ಲರೂ ಹೋದ ಮೇಲೆ, ನೈಟಿಯನ್ನು ಒಳಮಗ್ಗಲು ಮೇಲೆ ಮಾಡಿ, ಜೇಬನ್ನು ಪೇಪರಿನ ಮೇಲೆ ಹರಡಿ, ಸುತ್ತ ಗೆರೆ ಎಳೆದುಕೊಂಡೆ. ಊರಿಗೆ ಬಂದು ಅದನ್ನೇ ಹೊಲಿದೆ. ಗುಂಡ್ಲುಪೇಟೆಯಲ್ಲಿ ಹೂವಿನ ಹೊಲಕ್ಕೆ ಹೋಗುವ ಹೆಂಗಸರು ಮುಗಿಬಿದ್ದರು. ಮಡಿಲು ನೈಟಿ ಎಂದು ಹೆಸರಾಯಿತು. ಯಾರು ಕಲಿಸಿದರು ಎಂದು ಕೇಳಿದರೆ, "ನನ್ನ ಸ್ವಂತ ತಲೆ," ಎನ್ನುತ್ತಿದ್ದೆ. ಒಂದೇ ದೂರು, ಬಗ್ಗಿದರೆ ಒಳಗಿದ್ದದ್ದು ಬಿದ್ದುಹೋಗುತ್ತದೆ ಎಂದು. ಆಗ ಮಾತ್ರ ಮನಸ್ಸಿನಲ್ಲಿ, ಅವಳ ಕಟಿಂಗೇ ಅಷ್ಟು ಎಂದುಕೊಂಡು, ಬಾಯಿಗೆ ಒಂದು ಟಿಚ್ ಬಟನ್ ಹಾಕಿದೆ.

ಪಲ್ಲವಿಯ ಚಹಾ ಆರಿಹೋಗಿತ್ತು. "ನನ್ನ ಸ್ಕೂಲಲ್ಲಿ ಭಾಷಣ ಮಾಡಿದ್ದೆ ತಾತ, ನನ್ನ ತಾತ ಕಂಡುಹಿಡಿದ ಜೇಬು ಅಂತ," ಎಂದಳು. ನಾನು ತಲೆ ತಗ್ಗಿಸಿದೆ. "ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಕೇಳೋಣ," ಎಂದೆ.

"ಊರಿಗಲ್ಲ. ನೂಲ್ಪುಳಕ್ಕೆ."

"ಅವಳು ಬೈದರೆ?"

"ಬೈಸ್ಕೋ."

ಆ ದಿನ ಬತ್ತೇರಿಯಲ್ಲಿ ರೂಮು ಮಾಡಿ ಉಳಿದೆವು. ಮರುದಿನ ಬೆಳಿಗ್ಗೆ ಜೀಪು. ಮಂಜು ಇನ್ನೂ ಗದ್ದೆಗಳ ಮೇಲೇ ಕೂತಿತ್ತು. ಗದ್ದೆ ಮುಗಿದು ಕಾಡು ಶುರುವಾಗುವಲ್ಲಿ ಜೀಪು ನಿಂತಿತು. ಆನೆ ಬಾರದಂತೆ ತೋಡಿದ ಕಂದಕ, ಅದರ ಮೇಲೆ ಎರಡು ಹಲಗೆಯ ದಾರಿ. ಪಲ್ಲವಿ ನನ್ನ ಮೊಣಕೈ ಹಿಡಿದು ದಾಟಿಸಿದಳು. ಆಚೆ ತಗಡಿನ ಚಾವಣಿಯ ಉದ್ದನೆಯ ಕೋಣೆಯಿಂದ ಯಂತ್ರಗಳ ಸದ್ದು ಬರುತ್ತಿತ್ತು. ಒಳಗೆ ಆರು ಯಂತ್ರ, ಆರು ಹೆಂಗಸರು.

ಬಾಗಿಲಿಗೆ ಬಂದವಳ ತಲೆ ಅರ್ಧ ನರೆತಿತ್ತು. ಕಿವಿಯ ಹಿಂದೆ ಸೀಮೆಸುಣ್ಣದ ತುಂಡು. ನಾನು ಹೆಸರು ಹೇಳುವ ಮೊದಲೇ, "ಮಾಷೆ ಅಲ್ವೇ?" ಎಂದಳು. "ಮುದುಕ ಆಗಿದ್ದೀರಿ. ಬನ್ನಿ, ಕೂತ್ಕೊಳ್ಳಿ."

ಕುಳಿತುಕೊಳ್ಳುವ ಧೈರ್ಯ ಬರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಗೆರೆ ಎಳೆದದ್ದು, ಮಾರಿದ್ದು, ಸ್ವಂತ ತಲೆ ಎಂದದ್ದು. ಒಳಗಿನ ಯಂತ್ರಗಳೆಲ್ಲ ನಿಂತವು.

"ಗೊತ್ತು," ಎಂದಳು ಬೊಮ್ಮಿ. "ಗುಂಡ್ಲುಪೇಟೆ ಸಂತೇಲಿ ನೋಡಿದ್ದೆ. ನೀವು ಕದ್ದ ಜೇಬಿನ ಬಾಯಿ ಮುಂದಕ್ಕಿತ್ತು. ಅಲ್ಲೇ ನಗು ಬಂತು ಮಾಷೆ, ತಡೆಯಕ್ಕಾಗಲಿಲ್ಲ."

"ಮುಂದಕ್ಕೆ?"

ಅವಳು ತನ್ನ ಮೇಲಂಗಿಯ ಜೇಬಿಗೆ ಕೈ ಹಾಕಿ ತೋರಿಸಿದಳು. ಬಾಯಿ ಬೆನ್ನಿನ ಕಡೆಗಿತ್ತು. "ಗದ್ದೇಲಿ ಬಗ್ಗಿದರೆ ಒಳಗಿರೋದೆಲ್ಲ ಈ ಮುಚ್ಚಿದ ಮೂಲೆಗೆ ಜಾರಿ ಕೂರುತ್ತೆ. ನೀವು ಬಾಯಿ ಮುಂದಕ್ಕೆ ಇಟ್ಟರೆ ಬೀಳದೆ ಏನು ಮಾಡುತ್ತೆ? ಆಮೇಲೆ ಅದಕ್ಕೊಂದು ಗುಂಡಿ!"

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನನಗೆ ತಪ್ಪು ತಿಳಿಯಿತು. ಒಳಮಗ್ಗಲಿನಿಂದ ಎಳೆದ ಗೆರೆಯನ್ನು ಹೊರಮಗ್ಗಲಿಗೆ ತಿರುಗಿಸಿ ಕತ್ತರಿಸಬೇಕು. ಅದು ಹೊಲಿಗೆಯ ಮೊದಲ ತಿಂಗಳ ಪಾಠ. ಆ ಪಾಠವನ್ನು ಇವಳಿಗೆ ಹೇಳಿಕೊಟ್ಟವನು ನಾನೇ. ಕದಿಯುವ ಆತುರದಲ್ಲಿ ಅದನ್ನೇ ಮರೆತಿದ್ದೆ. ಮೂವತ್ತು ವರ್ಷ ಅವಳ ಕಟಿಂಗನ್ನು ದೂರಿದ್ದೆ.

ಆಮೇಲೆ ಅವಳ ನಗು ಇಳಿಯಿತು. "ಜೇಬಿಗೋಸ್ಕರ ನಾನು ನಿಮ್ಮನ್ನ ಬೈದಿಲ್ಲ ಮಾಷೆ. ಅದು ನಮ್ಮ ಅಜ್ಜಿ ಕಾಲದ ಮಡಿಲು. ಯಂತ್ರ ತಪ್ಪಿಸಿದ್ದಕ್ಕೆ ಬೈದಿದ್ದೀನಿ. ಏಳು ವರ್ಷ ಕೈಯಲ್ಲೇ ಹೊಲಿದೆ." ಬಲಗೈ ತೋರುಬೆರಳು ಚಾಚಿದಳು. ತುದಿಯ ಚರ್ಮ ಗಟ್ಟಿಯಾಗಿ ಹೊಳೆಯುತ್ತಿತ್ತು.

ತಪ್ಪಾಯಿತು ಎಂದೆ. ಅವಳು ಒಬ್ಬ ಹೆಂಗಸನ್ನು ಯಂತ್ರದಿಂದ ಎಬ್ಬಿಸಿದಳು. ಕತ್ತರಿಸಿಟ್ಟ ಬೂದು ಬಟ್ಟೆಯ ಒಂದು ಕಟ್ಟು ತಂದು ಖಾಲಿ ಮಾಡಿಸಿದ ಯಂತ್ರದ ಮುಂದೆ ಇಟ್ಟಳು.

"ಕೂತ್ಕೊಳ್ಳಿ. ಜೇಬು ಹೊಲೀರಿ."

ಕನ್ನಡಕ ಒರೆಸಿಕೊಂಡು ಕೂತೆ. ಮೊದಲ ಸಲ ಮುಗಿಸಿ ಕೊಟ್ಟಾಗ ಅವಳು ಎರಡೂ ಮಗ್ಗಲು ನೋಡಿ, "ಬಿಚ್ಚಿ," ಎಂದಳು. ಹೆಂಗಸರು ನಕ್ಕರು. ಪಲ್ಲವಿಯೂ ನಕ್ಕಳು. ಬಿಚ್ಚಿದೆ. ಎರಡನೆಯ ಸಲ ಬಾಯಿಯ ಓರೆ ಸರಿಯಾಗಿತ್ತು, ಆದರೆ ಮೂಲೆ ಸೊಟ್ಟ. "ಬಿಚ್ಚಿ ಮಾಷೆ." ಮತ್ತೆ ಬಿಚ್ಚಿದೆ. ಎಷ್ಟು ವರ್ಷದ ಮೇಲೆ ನನ್ನ ಮೈಯಲ್ಲಿ ಹಾಗೆ ಹುರುಪು ಹತ್ತಿತೆಂದರೆ, ಊಟಕ್ಕೆ ಕರೆದರೂ ಏಳಲಿಲ್ಲ. ಪಲ್ಲವಿ ತಟ್ಟೆಯಲ್ಲಿ ಗಂಜಿ, ಹುರುಳಿ ಪಲ್ಯ ತಂದು ಪಕ್ಕದಲ್ಲಿಟ್ಟಳು. ತುದಿಯ ಮೂರು ಗಂಟು ಹಾಕುವುದನ್ನು ಬೊಮ್ಮಿ ಒಂದೇ ಸಲ ತೋರಿಸಿದಳು. ಚೂರು ಬಟ್ಟೆಯ ಮೇಲೆ ಹಾಕಿ ನೋಡಿದೆ, ನಾಲ್ಕನೆಯ ಪ್ರಯತ್ನಕ್ಕೆ ಬಂತು.

ಮೂರನೆಯ ಸಲ ಕೊಟ್ಟೆ. ಅವಳು ಮೇಲಂಗಿಯನ್ನು ಆಗಷ್ಟೇ ಕಾಫಿ ಕೊಯ್ದು ಬಂದ ಒಬ್ಬ ಹೆಂಗಸಿಗೆ ಹಾಕಿಸಿ, ಜೇಬಿಗೆ ಮೊಬೈಲನ್ನೂ ಎಲೆ ಅಡಿಕೆ ಚೀಲವನ್ನೂ ತುರುಕಿ, "ಬಗ್ಗು," ಎಂದಳು. ಆಕೆ ನೆಲ ಮುಟ್ಟುವವರೆಗೆ ಬಗ್ಗಿದಳು. ಏನೂ ಬೀಳಲಿಲ್ಲ. ನಾನು ಬೊಮ್ಮಿಯ ಮುಖ ನೋಡಿದೆ. ಅವಳು ಏನೂ ಹೇಳಲಿಲ್ಲ. ಮೇಲಂಗಿಯನ್ನು ಆಕೆಯ ಮೈಯಿಂದ ತೆಗೆಸಿ, ಮಡಚಿ, ಮಾರಾಟಕ್ಕೆ ಹೋಗುವ ಗಂಟಿನ ಮೇಲಿಟ್ಟು, ತನ್ನ ಯಂತ್ರಕ್ಕೆ ಹೋಗಿ ಕೂತಳು.

ಮಧ್ಯಾಹ್ನ ಎರಡಕ್ಕೆ ಜೀಪು ಬಂತು. ಕಂದಕ ದಾಟಿ ತಿರುಗಿ ನೋಡಿದೆ. ಆರೂ ಯಂತ್ರಗಳು ಓಡುತ್ತಿದ್ದವು, ಬಾಗಿಲಲ್ಲಿ ಯಾರೂ ಇರಲಿಲ್ಲ. "ತಾತ, ಅವರು ಏನೂ ಹೇಳಲೇ ಇಲ್ವಲ್ಲ?" ಎಂದಳು ಪಲ್ಲವಿ. "ಇಲ್ಲ," ಎಂದೆ. ಮುತ್ತಂಗದವರೆಗೂ ನಗುತ್ತಲೇ ಬಂದೆನಂತೆ, ಅವಳು ಹೇಳಿದಳು.

ಇದನ್ನು ಓದುವವರಲ್ಲಿ ನಮ್ಮೂರಿನ ಹೂವಿನ ಹೊಲಗಳ ಹೆಂಗಸರು ಕೆಲವರಿರಬಹುದು. ನಿಮ್ಮ ಹಳೆಯ ಮಡಿಲು ನೈಟಿಯಿದ್ದರೆ ತನ್ನಿ, ಜೇಬು ಬಿಚ್ಚಿ ಬಾಯಿಯನ್ನು ಹಿಂದಕ್ಕೆ ತಿರುಗಿಸಿ ಕೊಡುತ್ತೇನೆ. ಕಣ್ಣು ಇರುವಷ್ಟು ದಿನ ಮಾಡಿಕೊಡುತ್ತೇನೆ. ಆ ಜೇಬು ನೂಲ್ಪುಳದ ಬೊಮ್ಮಿಯದು. ಗುಂಡಿ ಮಾತ್ರ ನನ್ನದು.