ತಂಗಿಗೆ ನಾನು ಕಲಿಸಿದ ಬೀಜಗಣಿತ

ಹೊಸಪೇಟೆಯಲ್ಲಿ ನಾನು ಐದನೇ ಫಾರಂ, ಅಂದರೆ ಈಗಿನ ಹತ್ತನೇ ತರಗತಿ, ಓದುತ್ತಿದ್ದ ವರ್ಷ ನಮ್ಮ ಮನೆಯಲ್ಲಿ ನನ್ನಂಥ ಪಂಡಿತ ಇನ್ನೊಬ್ಬ ಇರಲಿಲ್ಲ. ಅಪ್ಪನದು ಅಕ್ಕಿ ವ್ಯಾಪಾರ, ಇಂಗ್ಲಿಷ್ ಅಕ್ಷರದ ಗಂಧವಿಲ್ಲ. ಹಾಗಾಗಿ ತಂಗಿಗೆ ಬೀಜಗಣಿತ ಕಲಿಸುವ ಪಟ್ಟ ನನಗೇ ಬಂತು. ಆಕೆಗೆ ಹದಿನಾಲ್ಕು. ಬಳ್ಳಾರಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಅದೇ ಹೊತ್ತಿಗೆ ಕಂಪ್ಲಿಯಿಂದ ಸಂಬಂಧ ಬಂದಿತ್ತು. ಪರಿಚಯದ ಹಳೇ ಮಾಸ್ತರರು ಮನೆಗೆ ಬಂದು ಹುಡುಗಿಯನ್ನು ಪರೀಕ್ಷೆ ಮಾಡಲಿ, ಅವರು ಹೂಂ ಅಂದರೆ ಬಳ್ಳಾರಿ, ಇಲ್ಲವೆಂದರೆ ಕಂಪ್ಲಿ ಎಂದು ಅಪ್ಪ ತೀರ್ಮಾನಿಸಿದ.

ಶಾಲೆಯಲ್ಲಿ ಬೀಜಗಣಿತದ ಭಿನ್ನರಾಶಿ ಪಾಠ ನಡೆದಾಗ ನಾನು ಚಳಿಜ್ವರದಲ್ಲಿ ಮಲಗಿದ್ದೆ. ಆಮೇಲೆ ಗೆಳೆಯನ ನೋಟುಬುಕ್ಕು ತಿರುವಿ ಹಾಕಿದೆ. ಮೇಲೆ ಕೆಳಗೆ ಒಂದೇ ಥರ ಇದ್ದದ್ದನ್ನು ಅವನು ಗೀಟು ಎಳೆದು ಹೊಡೆದುಹಾಕಿದ್ದು ಕಂಡಿತು. ಇಷ್ಟೇನಾ ಅಂದುಕೊಂಡೆ. ಅದನ್ನೇ ತಂಗಿಗೂ ಹೇಳಿಕೊಟ್ಟೆ.

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಲೆಕ್ಕ ಕೊಟ್ಟೆ. ಮೇಲೆ x² + 5x + 6, ಕೆಳಗೆ x² + 7x + 10. ಎರಡೂ ಕಡೆ x² ಇದೆ, ಹೊಡೆದುಹಾಕು ಎಂದೆ. ಆಕೆ ಹೊಡೆಯಲಿಲ್ಲ. ನನ್ನ ಪುಸ್ತಕವನ್ನು ತಾನೇ ಓದಿಕೊಂಡಿದ್ದಳು. ಮೇಲಿನದನ್ನು (x + 2)(x + 3) ಎಂದೂ ಕೆಳಗಿನದನ್ನು (x + 2)(x + 5) ಎಂದೂ ಬಿಡಿಸಿ, x + 2 ಅನ್ನು ಮಾತ್ರ ಹೊಡೆದಿದ್ದಳು.

"ಅಣ್ಣಾ, x ಇದ್ದಲ್ಲಿ ಒಂದು ಇಟ್ಟು ನೋಡಿದೆ. ಮೊದಲಿನ ಲೆಕ್ಕಕ್ಕ ಮೂರರಾಗ ಎರಡು ಬರ್ತತಿ. ಹಿಂಗ ಮಾಡಿದ್ರೂ ಅಷ್ಟ ಬರ್ತತಿ. ನಿಂದು ಹದಿನೇಳರಾಗ ಹನ್ನೊಂದು. ತಾಳೆ ಆಗವಲ್ದು."

ನನಗೆ ಪಿತ್ತ ನೆತ್ತಿಗೇರಿತು. ಆಕೆಯ ಬೆರಳ ಗಂಟಿನ ಮೇಲೆ ಅಡಿಪಟ್ಟಿಯಿಂದ ಬಾರಿಸಿದೆ. "ಫಾರಂ ಓದೋನು ನಾನೋ ನೀನೋ? ಹೇಳಿದಂಗ ಮಾಡು." ಆಕೆ ಪಾಟಿ ಒರೆಸಿ, ನಾನು ಹೇಳಿದ ಹಾಗೆಯೇ ಬರೆದಳು. ಆಮೇಲೆ ಎದುರು ಮಾತಾಡಲೇ ಇಲ್ಲ.

ಮಾಸ್ತರರು ಬಂದ ದಿನ ಅಪ್ಪ ಜಮಖಾನ ಹಾಸಿದ್ದ. ಅವರು ಅಂಥದೇ ಒಂದು ಲೆಕ್ಕ ಕೊಟ್ಟರು. ಪಕ್ಕದಲ್ಲಿ ನಾನು ಬೀಗುತ್ತಾ ಕೂತಿದ್ದೆ. ಅಪ್ಪ, ಅಣ್ಣ ಕೂತಿರುವಾಗ ಹೆಣ್ಣುಮಗಳು ಅಣ್ಣನ ಮಾತು ಮೀರಿ ಬರೆಯುವ ಮನೆ ನಮ್ಮದಲ್ಲ. ಆಕೆ ಬಳಪ ಹಿಡಿದು x² ಮೇಲೆ ಗೀಟು ಎಳೆದಳು.

ಮಾಸ್ತರರ ಮುಖ ಸಣ್ಣದಾಯಿತು. "ಕೂಡಿಸಿದ್ದನ್ನ ಹಿಂಗ ಹೊಡಿಬಾರದವ್ವ. ಗುಣಿಸಿದ್ದನ್ನಷ್ಟ ಹೊಡಿಬೇಕು. ಯಾರು ಹೇಳಿಕೊಟ್ರು ನಿನಗ ಹಿಂಗ?"

ತಂಗಿ ನನ್ನ ಕಡೆ ನೋಡಿದಳು. ಅಷ್ಟು ಹೊತ್ತಿಗೆ ತಪ್ಪು ನನ್ನದೇ, ಅವತ್ತು ಆಕೆ ಮಾಡಿದ್ದೇ ಸರಿ ಎಂದು ನನಗೆ ತಿಳಿದಿತ್ತು. ನಾನೇ ಕಲಿಸಿದ್ದು ರೀ, ಆಕಿಗೆ ಸರಿ ಮಾಡೋದು ಗೊತ್ತೈತಿ ಅನ್ನಲು ಒಂದು ಉಸಿರು ಸಾಕಿತ್ತು. ನಾನು ತಲೆ ತಗ್ಗಿಸಿ ಜಮಖಾನದ ದಾರ ಕೀಳುತ್ತಾ ಕೂತೆ.

"ಯಾರೂ ಇಲ್ರಿ. ನಾನ ಮಾಡಿದ್ದು," ಎಂದಳು.

"ಬುನಾದಿನ ಇಲ್ಲ, ಬಳ್ಳಾರಿ ಶಾಲಿ ಭಾಳ ಕಷ್ಟ ಆಕ್ಕತಿ," ಎಂದು ಮಾಸ್ತರರು ಅಪ್ಪನಿಗೆ ಹೇಳಿ ಎದ್ದರು. ಅವರದೇನೂ ತಪ್ಪಿಲ್ಲ. ಮುಂದಿನ ತಿಂಗಳೇ ಮದುವೆಯಾಯಿತು.

ವರ್ಷಗಳಾದ ಮೇಲೆ ಕಂಪ್ಲಿಗೆ ಹೋದಾಗ ಧೈರ್ಯ ಮಾಡಿ ತಪ್ಪೊಪ್ಪಿಕೊಂಡೆ. ಆಕೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಲೆಕ್ಕ ತಪ್ಪು ಕಲಿಸಿದ್ದಕ್ಕ ನನಗೇನೂ ಬ್ಯಾಸರ ಇಲ್ಲಣ್ಣ," ಎಂದಳು. "ಮಾಸ್ತರ್ರು ಕೇಳಿದಾಗ ಒಂದು ಮಾತು ಆಡ್ತಿ ಅಂತ ಕಾದೆ. ಅವರು ಚಪ್ಪಲಿ ಮೆಟ್ಟಿಕೊಳ್ಳೋ ತನಕ ಕಾದೆ."

ಮೊರ ಪಕ್ಕಕ್ಕಿಟ್ಟು ಎದ್ದು ಎಲೆ ಹಾಕಿದಳು. ನಾನು ಕೂತು ಉಂಡೆ.