ನಡುವೆ ತೂತಿದ್ದ ಕೌದಿ

ಎರಡನೇ ಹೆರಿಗೆಯ ನಂತರ ಮೈ ಇಳಿಸಲೆಂದು ಕಾವ್ಯಾ ರಾಯಚೂರಿನ ಮನೆಯ ಪಡಸಾಲೆಯಲ್ಲಿ ಸ್ಟೀಲ್ ಕಂಬ ನಿಲ್ಲಿಸಿ, ಮೊಬೈಲ್ ನೋಡಿಕೊಂಡು ಪೋಲ್ ಡ್ಯಾನ್ಸ್ ಕಲಿಯತೊಡಗಿದಳು. ಮಲ್ಲಟದಿಂದ ಬಂದಿದ್ದ ಅತ್ತೆ ಸೂಗಮ್ಮ ಸರಿಯಾಗಿ ಅದೇ ಹೊತ್ತಿಗೆ ಗೋಡೆಗೆ ಮುಖ ಮಾಡಿ ಕೌದಿ ಹೊಲಿಯಲು ಕೂರುವಳು. ಸೊಸೆ ದೊಪ್ಪನೆ ಬಿದ್ದರೂ ತಿರುಗಿ ನೋಡುತ್ತಿರಲಿಲ್ಲ. ಸೂಜಿ ಮಾತ್ರ ಒಂದು ಗಳಿಗೆ ನಿಲ್ಲುತ್ತಿತ್ತು.

ತಿಂಗಳಿಗೆ ಕೌದಿ ಮುಗಿಯಿತು: ಹತ್ತು ಹಳೆಯ ಸೀರೆಗಳ ದಪ್ಪ, ರೊಟ್ಟಿಯಂತೆ ದುಂಡಗೆ, ನಡುವೆ ತೂತು. ಅತ್ತೆಯ ಕಣ್ಣು ಮಂದವಾಯಿತೇನೋ ಎಂದು ಕಾವ್ಯಾಳಿಗೆ ಮರುಕವಾಯಿತು.

"ಅತ್ತೀ, ನಡುವ ತೂತು ಬಿಟ್ಟೀರಲ್ರಿ?"

ಸೂಗಮ್ಮ ಎದ್ದು, ಕೌದಿಯ ಒಂದು ಬದಿಗಿದ್ದ ಸೀಳನ್ನು ಅಗಲಿಸಿ ಕಂಬದ ಸುತ್ತ ಹಾಸಿ, ಸೀಳಿನ ಅಂಚಿಗೆ ಹೊಲಿದಿದ್ದ ಕಸಿದಾರಗಳನ್ನು ಕಟ್ಟಿದಳು.

"ಬೀಳೂದು ಹೆಂಗೂ ಬಿಡಂಗಿಲ್ಲ ನೀ. ಬಿದ್ರ ಇದರ ಮ್ಯಾಲ ಬೀಳವ್ವಾ."

ಆಮೇಲೆ, ಮೊದಲ ಬಾರಿಗೆ, ಗೋಡೆಗೆ ಬೆನ್ನು ಕೊಟ್ಟು ಕೂತಳು.